ದೊಡ್ಡಗದ್ದವಳ್ಳಿ ಗುಡಿಯನ್ನು ಕಟ್ಟಿಸಿದವರು ಯಾರು?

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ, ಕೆರೆಯ ಪಕ್ಕದಲ್ಲಿ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಸಿಗುತ್ತದೆ. ಇದನ್ನು ಯಾರು ಕಟ್ಟಿಸಿದ್ದು ಅಂತ ಕೇಳಿ ನೋಡಿ. ಪ್ರವಾಸಿ ಕೈಪಿಡಿ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ಮೊಬೈಲಿನಲ್ಲಿ ಹರಿದಾಡುವ ವಿಡಿಯೋ, ಎಲ್ಲಿ ಹುಡುಕಿದರೂ ಥಟ್ಟನೆ ಬರುವ ಉತ್ತರ ಒಂದೇ: ಹೊಯ್ಸಳ ದೊರೆ ವಿಷ್ಣುವರ್ಧನ. ಸ್ವಲ್ಪ ಎಚ್ಚರ ಇರುವವರು 'ವಿಷ್ಣುವರ್ಧನನ ಕಾಲದಲ್ಲಿ ಕಟ್ಟಲ್ಪಟ್ಟಿತು' ಅಂತ ಬರೆದು ಜಾರಿಕೊಳ್ಳುತ್ತಾರೆ. 'ಕಟ್ಟಲ್ಪಟ್ಟಿತು' ಅನ್ನುವ ಈ ಕರ್ಮಣಿ ಪ್ರಯೋಗ ನಮ್ಮ ಸ್ಥಳೀಯ ಚರಿತ್ರೆ ಬರಹಗಳಿಗೆ ಹಿಡಿದ ರೋಗ. ಯಾರು ಕಟ್ಟಿಸಿದರು, ಯಾರು ಕಟ್ಟಿದರು ಎರಡನ್ನೂ ಅದು ಒಟ್ಟಿಗೆ ನುಂಗಿಹಾಕುತ್ತದೆ.

ಇದೇನೂ ಉತ್ತರ ಗೊತ್ತಿಲ್ಲದ ಪ್ರಶ್ನೆಯಲ್ಲ. ಗುಡಿಯ ಶಾಸನವೇ ಹೇಳುತ್ತದೆ. ಕಟ್ಟಿಸಿದವರು ಇಬ್ಬರು: ಮಹಾವಡ್ಡವ್ಯವಹಾರಿ ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ. ಊರಿಗೆ ಅವರು ಕೊಟ್ಟ ಹೆಸರು ಅಭಿನವ ಕೊಲ್ಲಾಪುರ. ಕೆಲಸ ಮಾಡಿದ ಶಿಲ್ಪಿ ಮಲ್ಲೋಜ ಮಾಣಿಯೋಜ. ಅರಸ ದತ್ತಿ ಬಿಟ್ಟ. ಇಷ್ಟೂ ವಿವರ ಲೂಯಿ ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹಾಸನ ಸಂಪುಟ 1902ರಲ್ಲಿ ಅಚ್ಚಾದಾಗಿನಿಂದ ಓದುವವರ ಕೈಗೆ ಸಿಗುತ್ತಲೇ ಇದೆ. 1919ರಲ್ಲಿ ಆರ್. ನರಸಿಂಹಾಚಾರ್ಯರು ಈ ಗುಡಿಯೊಂದರ ಮೇಲೆಯೇ ಒಂದು ಪುಸ್ತಿಕೆ ತಂದರು. ಅಂದರೆ ನೂರು ವರ್ಷ ಮೀರಿತು. ಆದರೂ ವ್ಯಾಪಾರಿ ದಂಪತಿಯ ಹೆಸರು ಅಡಿಟಿಪ್ಪಣಿಯಲ್ಲೇ ಉಳಿದಿದೆ, ದೊರೆಯ ಹೆಸರು ತಲೆಬರಹದಲ್ಲಿದೆ.

ಇದು ಹೀಗಾಗುವುದಕ್ಕೆ ಶಾಸನವನ್ನು ಓದುವ ನಮ್ಮ ಅಭ್ಯಾಸವೇ ಕಾರಣ ಅನ್ನುವುದು ಈ ಬರಹದ ತಕರಾರು. ನಾವು ಮೇಲಿನಿಂದ ಓದಲು ಶುರುಮಾಡಿ, ಬಿರುದಾವಳಿ ಮುಗಿಯುವಷ್ಟರಲ್ಲಿ ಸುಸ್ತಾಗಿ ನಿಲ್ಲಿಸುತ್ತೇವೆ.

ಹೊಯ್ಸಳರ ಕಾಲದ ಸಾಮಾನ್ಯ ದಾನಶಾಸನದ ಅಂಗರಚನೆ ಈ ಓದುಗರಿಗೆ ಹೊಸದಲ್ಲ. ಮೊದಲು ದೇವತಾಸ್ತುತಿ. ಆಮೇಲೆ ವಂಶ, ಸಳನ ಕಥೆ, ಅರಸನ ಗೆಲುವುಗಳು, ಒಂದರ ಹಿಂದೆ ಒಂದು ಬಿರುದು. ಸಾಲುಗಟ್ಟಲೆ ನಡೆಯುವ ಈ ಭಾಗ ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ: 'ಗೆಯ್ಯುತ್ತಮಿರೆ', 'ಸಲುತ್ತಮಿರೆ' ಎಂಬ ರೂಪಗಳಿಗೆ. ಹಳಗನ್ನಡ ವ್ಯಾಕರಣ ಓದಿದವರು ಇದನ್ನು ಸತಿಸಪ್ತಮಿ ಅಂತ ಗುರುತಿಸುತ್ತಾರೆ. 'ಇಂಥವನು ರಾಜ್ಯವಾಳುತ್ತಿರಲು' ಎಂದಷ್ಟೇ ಅರ್ಥ. ವಾಕ್ಯದ ಮುಖ್ಯ ಕ್ರಿಯಾಪದ ಇನ್ನೂ ಬಂದಿಲ್ಲ, ಕರ್ತೃವೂ ಬಂದಿಲ್ಲ. ಇಪ್ಪತ್ತು ಸಾಲು ಹೊಗಳಿಸಿಕೊಂಡ ಅರಸ ವ್ಯಾಕರಣದ ಲೆಕ್ಕದಲ್ಲಿ ಒಂದು ಕಾಲಸೂಚಕ ಅಷ್ಟೆ. ಇವತ್ತು ನಾವು ಇಸವಿ ಹಾಕುವ ಜಾಗದಲ್ಲಿ ಆಗ ಅರಸನನ್ನು ಕೂರಿಸುತ್ತಿದ್ದರು. ಅಧಿಕಾರಿ ಕಟ್ಟಿಸಿದ ಗುಡಿಯಾದರೆ ಮುಂದೆ ಎಷ್ಟೋ ಕಡೆ 'ತತ್ಪಾದಪದ್ಮೋಪಜೀವಿ' ಎಂಬ ಪದ ಬರುತ್ತದೆ. ಅಲ್ಲಿ ಕತೆ ಆ ಅರಸನ ಕೈಕೆಳಗಿನವನಿಗೆ ಹೊರಳುತ್ತದೆ. ಅದಾದ ಮೇಲೆ ಬರುವ ಹೆಸರು, ಅದರ ಮುಂದಿನ 'ಮಾಡಿಸಿದ', 'ಪ್ರತಿಷ್ಠೆ ಮಾಡಿಸಿ', 'ಬಿಟ್ಟ ದತ್ತಿ', 'ಧಾರಾಪೂರ್ವಕಂ ಮಾಡಿ ಕೊಟ್ಟ' — ಇವು ಶಾಸನದ ನಿಜವಾದ ಕ್ರಿಯಾಪದಗಳು. ಮಾಡಿಸಿದವನು ಒಬ್ಬ, ಬಿಟ್ಟವನು ಇನ್ನೊಬ್ಬ, ಮಾಡಿದವನು ಮತ್ತೊಬ್ಬ ಆಗಿರಬಹುದು. ಶಾಸನ ಬರೆಸಿದವರು ಈ ವ್ಯತ್ಯಾಸವನ್ನು ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಕಲಸಿಹಾಕಿದವರು ನಾವು.

ಇನ್ನೊಂದು ತಮಾಷೆ ಇದೆ. ವಿಷ್ಣುವರ್ಧನನ ಆಳ್ವಿಕೆಯ ಆ ವರ್ಷಗಳಲ್ಲಿ ಹೊಯ್ಸಳರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ (1076–1126) ಇನ್ನೂ ಸಿಂಹಾಸನದ ಮೇಲಿದ್ದ. ಆ ಕಾಲದ ಮಾಂಡಲಿಕರ ಶಾಸನಗಳಲ್ಲಿ ಮೊದಲು ಚಕ್ರವರ್ತಿಯ ಹೆಸರು, ಆಮೇಲೆ ಮಾಂಡಲಿಕನ ಹೆಸರು ಬರುವುದು ಎಷ್ಟೋ ಕಡೆ ಉಂಟು. ಮೇಲಿರುವ ಹೆಸರೇ ಕಟ್ಟಿಸಿದವನದು ಅನ್ನುವುದಾದರೆ ಕರ್ನಾಟಕದ ಅರ್ಧದಷ್ಟು ಊರ ಗುಡಿಗಳನ್ನು ವಿಕ್ರಮಾದಿತ್ಯನೇ ಕಟ್ಟಿಸಿದ ಅನ್ನಬೇಕಾಗುತ್ತದೆ. ಹಾಗೆ ಯಾರೂ ಅನ್ನುವುದಿಲ್ಲ. ಅಲ್ಲಿ ನಮಗೆ ವಿವೇಕ ಬರುತ್ತದೆ, ಹೊಯ್ಸಳರ ವಿಷಯಕ್ಕೆ ಬಂದಾಗ ಮಾತ್ರ ಕೈಕೊಡುತ್ತದೆ.

ಹೊರಗಿನ ಒಂದು ಹೋಲಿಕೆ ಕೊಡುತ್ತೇನೆ, ಸ್ವಲ್ಪ ದೂರದ್ದು. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಕರ್ಕ್‌ಡೇಲ್ ಅನ್ನುವ ಜಾಗ ಇದೆ. ಅಲ್ಲೊಂದು ಹಳ್ಳಿಯ ಚರ್ಚು, ಸಂತ ಗ್ರೆಗೊರಿಯ ಹೆಸರಿನದು. ಅದರ ದಕ್ಷಿಣದ ಬಾಗಿಲ ಮೇಲೆ ಒಂದು ನೆರಳುಗಡಿಯಾರದ ಕಲ್ಲು, ಅದರ ಮೇಲೆ ಹಳೆಯ ಇಂಗ್ಲಿಷಿನ ಶಾಸನ. ಸಾರಾಂಶ ಇಷ್ಟು: ಗಾಮಲನ ಮಗ ಓರ್ಮ ಎಂಬಾತ ಬಿದ್ದು ಹಾಳಾಗಿದ್ದ ಈ ಚರ್ಚನ್ನು ಕೊಂಡು, ಬುಡದಿಂದ ಹೊಸದಾಗಿ ಮಾಡಿಸಿದ, ಇದು ನಡೆದದ್ದು ಎಡ್ವರ್ಡ್ ದೊರೆಯ ದಿನಗಳಲ್ಲಿ, ಟೋಸ್ಟಿ ಎಂಬ ಪ್ರಾಂತಾಧಿಪತಿಯ ದಿನಗಳಲ್ಲಿ. ಕೊನೆಗೆ, ಕಲ್ಲೇ ಮಾತಾಡಿದ ಹಾಗೆ, ನನ್ನನ್ನು ಮಾಡಿದವನು ಹಾವರ್ಡ್ ಎಂಬ ಮಾತು, ಅದರ ಜೊತೆಗೆ ಬ್ರಾಂಡ್ ಎಂಬ ಪಾದ್ರಿಯ ಹೆಸರು. ಟೋಸ್ಟಿ ಅಲ್ಲಿ ಅಧಿಕಾರದಲ್ಲಿದ್ದದ್ದು 1055ರಿಂದ 1065ರವರೆಗೆ. ಹಾಗಾಗಿ ಚರ್ಚಿನ ಕಾಲ ಹತ್ತು ವರ್ಷದ ಅಂತರದೊಳಗೆ ನಿಷ್ಕರ್ಷೆ ಆಗುತ್ತದೆ. ನಮ್ಮ ದೊಡ್ಡಗದ್ದವಳ್ಳಿಗಿಂತ ಸುಮಾರು ಐವತ್ತು ವರ್ಷ ಹಿಂದಿನದು.

ನೋಡಿ, ಅದೇ ಎಲುಬುಗೂಡು. ದೊರೆ, ಅವನ ಕೆಳಗಿನ ಅಧಿಪತಿ, ಮಾಡಿಸಿದವನು, ಮಾಡಿದವನು. ಕನ್ನಡದ 'ಮಾಡಿಸಿದ–ಮಾಡಿದ' ವ್ಯತ್ಯಾಸ ಆ ಕಲ್ಲಿನಲ್ಲೂ ಸ್ಪಷ್ಟವಾಗಿದೆ. ಆದರೆ ಆ ಊರಿನವರು ಅದನ್ನು ಎಡ್ವರ್ಡನ ಚರ್ಚು ಅನ್ನುವುದಿಲ್ಲ. ಬರೆಯುವವರೆಲ್ಲ ಓರ್ಮನ ಹೆಸರನ್ನೇ ಹೇಳುತ್ತಾರೆ. ಅಲ್ಲಿ ಬಿರುದಾವಳಿ ಇಲ್ಲ, ಆದ್ದರಿಂದ ಮೋಸಹೋಗಲು ಆಸ್ಪದವೂ ಇಲ್ಲ ಅನ್ನಬಹುದು. ಒಪ್ಪುತ್ತೇನೆ. ನಮ್ಮ ಕವಿಗಳು ಇಸವಿಯನ್ನೂ ಅಲಂಕಾರ ಮಾಡಿ ಬರೆದರು, ನಾವು ಅಲಂಕಾರಕ್ಕೆ ಮರುಳಾದೆವು.

ತಪ್ಪು ಪೂರ್ತಿಯಾಗಿ ಕೈಪಿಡಿ ಬರೆದವರದ್ದೂ ಅಲ್ಲ. ರೈಸ್ ಸಂಪುಟಗಳ ಪೀಠಿಕೆಗಳನ್ನು ತೆಗೆದು ನೋಡಿ: ಗಂಗರು, ಚೋಳರು, ಕೊಂಗಾಳ್ವರು, ಹೊಯ್ಸಳರು ಅಂತ ರಾಜವಂಶದ ವಿಂಗಡಣೆ. ವಂಶದೊಳಗೆ ಅರಸ, ಅರಸನೊಳಗೆ ಶಾಸನ. ಅರಸರ ಕಾಲಾನುಕ್ರಮಣಿಕೆ ಕಟ್ಟುವುದು ಅವತ್ತಿನ ಜರೂರು ಕೆಲಸವಾಗಿತ್ತು, ಅದನ್ನು ಅವರು ಮಾಡಿಕೊಟ್ಟಿದ್ದರಿಂದಲೇ ಇವತ್ತು ನಾವು ನಿಂತಿದ್ದೇವೆ. ಆದರೆ ಆ ವಿಂಗಡಣೆಯ ಮೂಲಕ ಒಳಗೆ ಹೋದವರಿಗೆ ಹಳ್ಳಿಯ ಗುಡಿ ಮೊದಲು ಸಿಗುವುದು ಒಬ್ಬ ಅರಸನ ಆಳ್ವಿಕೆಯ ಘಟನೆಯಾಗಿ, ಆಮೇಲೆ ಊರಿನ ಗುಡಿಯಾಗಿ. ನಾವು ಈಗಲೂ ಅದೇ ಬಾಗಿಲಲ್ಲಿ ಹೋಗುತ್ತಿದ್ದೇವೆ.

ಇನ್ನೊಂದು ಕಾರಣ ಬೇಲೂರು. 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು ಸ್ವತಃ ವಿಷ್ಣುವರ್ಧನ. ಆ ಗುಡಿ ಎಷ್ಟು ಪ್ರಸಿದ್ಧವೆಂದರೆ, ಅದರ ಮಾದರಿಯನ್ನೇ ಸುತ್ತಲಿನ ಎಲ್ಲ ಗುಡಿಗಳ ಮೇಲೂ ಹೊದಿಸಿಬಿಡುತ್ತೇವೆ. ಹಳೇಬೀಡಿನಲ್ಲೇ ಇದು ಸೋಲುತ್ತದೆ. ಹೊಯ್ಸಳೇಶ್ವರ ಅಂತ ಅರಸನ ಹೆಸರು ಹೊತ್ತ ಆ ಮಹಾ ಗುಡಿಯನ್ನು ಮಾಡಿಸಿದವನು ಕೇತಮಲ್ಲ ಎಂಬ ಅಧಿಕಾರಿ ಅಂತ 1121ರ ಶಾಸನ ಹೇಳುತ್ತದೆ. ಕೇತಮಲ್ಲ ದೇವರಿಗೆ ತನ್ನ ಹೆಸರಿಡದೆ ಒಡೆಯನ ಹೆಸರಿಟ್ಟ. ಅದಕ್ಕೆ ತಕ್ಕ ಫಲವಾಗಿ ತಾನು ಮರೆತುಹೋದ.

ಹಾಸನ ತಾಲ್ಲೂಕಿನ ಕೋರವಂಗಲದ ಬೂಚಿರಾಜ ಹಾಗೆ ಮಾಡಲಿಲ್ಲ. 1173ರಲ್ಲಿ ವೀರಬಲ್ಲಾಳ ಪಟ್ಟಕ್ಕೆ ಬಂದ ಸಂದರ್ಭಕ್ಕೆ ಅವನು ಕಟ್ಟಿಸಿದ ಗುಡಿ ಬೂಚೇಶ್ವರ. ಅದೇ ಊರಿನ ಗೋವಿಂದೇಶ್ವರ, ನಾಕೇಶ್ವರಗಳು ಪಾಳುಬಿದ್ದಿವೆ; ಅವುಗಳ ಹೆಸರಲ್ಲೂ ಕಟ್ಟಿಸಿದವರೇ ಇದ್ದಾರೆ. ಬೂಚೇಶ್ವರದಲ್ಲಿ ಒಂದು ಕಡೆ ಶಿವ, ಎದುರುಬದುರಾಗಿ ಸೂರ್ಯ. ಸೂರ್ಯನಿಗೆ ಇಷ್ಟು ದೊಡ್ಡ ಪಾಲು ಕೊಟ್ಟ ಗುಡಿ ನಮ್ಮ ಕಡೆ ಅಪರೂಪ. ಈ ಆಯ್ಕೆ ಒಂದು ಮನೆತನದ್ದು, ಅರಮನೆಯದ್ದಲ್ಲ ಅಂತ ನನಗನ್ನಿಸುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬಂದರೆ ಊರಿನ ನಾಲಗೆಯೇ ಕಟ್ಟಿಸಿದವಳನ್ನು ನೆನಪಿಟ್ಟಿದೆ: ಅಕ್ಕನ ಬಸದಿ. ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ 1181ರಲ್ಲಿ ಮಾಡಿಸಿದ್ದು. ಗಂಡ ಶೈವ, ಹೆಂಡತಿ ಜಿನಭಕ್ತೆ. ಬಸದಿ ಹೆಂಡತಿಯ ಹೆಸರಲ್ಲೇ ಉಳಿಯಿತು. ಸಹಜಾದೇವಿಗೆ ಈ ಭಾಗ್ಯ ಇರಲಿಲ್ಲ. ಕುಲ್ಲಹಣನನ್ನು ನೆನೆಯುವ ಬರಹಗಳಲ್ಲೂ ಎಷ್ಟೋ ಸಲ ಅವಳ ಹೆಸರು ಬಿಟ್ಟುಹೋಗುತ್ತದೆ.

ಅರಸರು ಕಟ್ಟಿಸಲೇ ಇಲ್ಲ ಅಂತ ನನ್ನ ವಾದವಲ್ಲ. ಅರಕಲಗೂಡು ಸೀಮೆಯನ್ನು ಆಳಿದ ಕೊಂಗಾಳ್ವರಲ್ಲಿ ರಾಜೇಂದ್ರ ಪೃಥ್ವಿ ಕೊಂಗಾಳ್ವ 11ನೆಯ ಶತಮಾನದ ಕೊನೆಯ ಭಾಗದಲ್ಲಿ ತನ್ನ 'ಅದಟರಾದಿತ್ಯ' ಎಂಬ ಹೆಸರನ್ನೇ ಇಟ್ಟು ಚೈತ್ಯಾಲಯ ಮಾಡಿಸಿದ. ಅಲ್ಲಿ ಅರಸನೇ ಕರ್ತೃ, ಶಾಸನವೂ ಹಾಗೇ ಹೇಳುತ್ತದೆ. ದತ್ತಿ ಬಿಟ್ಟ ಅರಸನ ಪಾತ್ರವೂ ಸಣ್ಣದಲ್ಲ. ಗುಡಿ ಎಂದರೆ ಬರೀ ಕಲ್ಲಲ್ಲ. ನಂದಾದೀಪದ ಎಣ್ಣೆ, ನೈವೇದ್ಯದ ಅಕ್ಕಿ, ಪೂಜೆಯವನ ಜೀವನ ನಡೆಯಬೇಕಾದರೆ ಗದ್ದೆ ಬೇಕು. ವಿಷ್ಣುವರ್ಧನ ಅದನ್ನು ಒದಗಿಸಿದ. ಬೇರೆ ಕ್ರಿಯಾಪದದಲ್ಲಿ ಅವನಿಗೆ ಸಲ್ಲುವ ಗೌರವ ಸಲ್ಲಲಿ.

ಕಟ್ಟಿಸಿದವರು ಯಾರು ಅನ್ನುವುದು ಬರೀ ನ್ಯಾಯದ ಪ್ರಶ್ನೆಯಲ್ಲ. ಕಟ್ಟಡವನ್ನು ನೋಡುವ ಕಣ್ಣೇ ಅದರಿಂದ ಬದಲಾಗುತ್ತದೆ. ದೊಡ್ಡಗದ್ದವಳ್ಳಿಯ ಬಗ್ಗೆ ಬರೆಯುವವರು ಪದೇಪದೇ ಬಳಸುವ ಎರಡು ವಿಶೇಷಣಗಳು 'ಸರಳ' ಮತ್ತು 'ಆರಂಭಕಾಲದ'. ಜಗತಿ ಇಲ್ಲ. ಗೋಡೆಗಳ ಮೇಲೆ ಬೇಲೂರಿನ ಹಾಗೆ ಮೂರ್ತಿಗಳ ಸಂತೆ ಇಲ್ಲ. ನಾಲ್ಕು ಶಿಖರಗಳಲ್ಲಿ ಮೂರು ಮೆಟ್ಟಿಲು ಮೆಟ್ಟಿಲಾಗಿ ಏರುವ ಬೋಳು ಶಿಖರಗಳು, ಕದಂಬ ನಾಗರ ಅನ್ನುತ್ತಾರಲ್ಲ ಆ ರೀತಿಯವು. ಒಂದು ಮಾತ್ರ ತುಂಬು ಕೆತ್ತನೆಯದು. ಹಾಗಾಗಿ, ಬೇಲೂರಿಗೆ ಮೊದಲು ಕೈ ಪಳಗದ ಕಾಲದ್ದು ಅನ್ನುವ ತೀರ್ಮಾನ.

ಈ ಅಳತೆಗೋಲು ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಹಳೇಬೀಡನ್ನು ಅಥೆನ್ಸಿನ ಪಾರ್ಥೆನಾನಿಗೆ ಎದುರಾಗಿ ಇಟ್ಟು ಬರೆದರು. ಅವರ ಮೆಚ್ಚುಗೆ ಪ್ರಾಮಾಣಿಕವಾದದ್ದೇ. ಆದರೆ ಆವತ್ತಿನಿಂದ ಹೊಯ್ಸಳ ಗುಡಿ ಎಂದರೆ ಕೆತ್ತನೆಯ ದಟ್ಟಣೆ ಅಂತಾಯಿತು. ದಟ್ಟಣೆ ಕಡಿಮೆ ಇದ್ದರೆ ಅದು ಇನ್ನೂ ಹಣ್ಣಾಗದ ಕಾಯಿ. ದೊಡ್ಡಗದ್ದವಳ್ಳಿಗೂ ಬೇಲೂರಿಗೂ ಇರುವ ಅಂತರ ಮೂರು ನಾಲ್ಕು ವರ್ಷ. ಒಂದು ಶೈಲಿ ಹುಟ್ಟಿ, ಬೆಳೆದು, ಹಣ್ಣಾಗಲು ಇಷ್ಟು ಸಾಕೆ? ಒಬ್ಬ ವ್ಯಾಪಾರಿ ತನ್ನ ಊರಿಗೆ ಮಾಡಿಸಿದ ಗುಡಿ, ಒಬ್ಬ ಅರಸ ತನ್ನ ಗೆಲುವಿನ ಹೆಮ್ಮೆಗೆ ಮಾಡಿಸಿದ ಗುಡಿ ಅಂತ ನೋಡಿದರೆ ವ್ಯತ್ಯಾಸಕ್ಕೆ ಹೆಚ್ಚು ಸರಿಯಾದ ಕಾರಣ ಸಿಗುತ್ತದೆ. ಕಾಲ ಒಂದೇ, ಕೈಯೂ ಸಮರ್ಥವೇ, ಬೇಡಿಕೆ ಬೇರೆ.

(1113 ಮತ್ತು 1114 ಎರಡೂ ಪುಸ್ತಕಗಳಲ್ಲಿ ಕಾಣುವುದರಿಂದ ಒಂದು ಮಾತು. ಶಕವರ್ಷ ಯುಗಾದಿಗೆ ಶುರುವಾಗಿ ಮುಂದಿನ ಇಸವಿಯ ಮಾರ್ಚ್‌ ಹೊತ್ತಿಗೆ ಮುಗಿಯುತ್ತದೆ. ಅದರ ಮೇಲೆ ಗತ, ವರ್ತಮಾನ ಎಂಬ ಎಣಿಕೆಯ ಗೊಂದಲ. ಇಂಥ ಒಂದು ವರ್ಷದ ವ್ಯತ್ಯಾಸಕ್ಕೆ ಜಗಳವಾಡುವವರು ಮೊದಲು ಪಂಚಾಂಗ ತೆಗೆಯಲಿ.)

ಈ ಗುಡಿಯಲ್ಲಿ ಸರಳತೆ ಇದೆ ಅನ್ನುವುದೇ ಅರ್ಧಸತ್ಯ. ನಕ್ಷೆಯನ್ನು ನೋಡಿ. ಇದು ಚತುಷ್ಕೂಟ, ನಾಲ್ಕು ಗರ್ಭಗುಡಿಗಳದ್ದು. ಹೊಯ್ಸಳರ ಕಾಲದ ಗುಡಿಗಳಲ್ಲಿ ಇಂಥದು ಬಹಳ ಅಪರೂಪ. ಮೂರು ಗರ್ಭಗುಡಿಗಳು ಒಂಬತ್ತು ಅಂಕಣದ ಒಂದು ನಡುಮಂಟಪಕ್ಕೆ ತೆರೆಯುತ್ತವೆ. ನಾಲ್ಕನೆಯದು ಉದ್ದನೆಯ ಅಂಕಣಗಳ ಸಾಲಿನ ಆಚೆ ತುದಿಯಲ್ಲಿದೆ. ಒಳಗೆ ಬರುವ ದಾರಿಗಳು ಆ ಸಾಲಿನ ಪಕ್ಕಗಳಿಂದ. ಸುತ್ತ ಪ್ರಾಕಾರದ ಗೋಡೆ, ನಾಲ್ಕು ಮೂಲೆಗೂ ಒಂದೊಂದು ಪುಟ್ಟ ಗುಡಿ, ಅವುಗಳಿಗೂ ಶಿಖರ. ಹೊರಗೆ ನಿಂತು ನೋಡಿದವರಿಗೆ ಕಾಣುವುದು ಒಂದು ಗುಡಿಯಲ್ಲ, ಶಿಖರಗಳ ಒಂದು ಪುಟ್ಟ ಊರು. ಬೋಳು ಶಿಖರಗಳನ್ನೂ ಕೆತ್ತನೆಯ ಒಂದು ಶಿಖರವನ್ನೂ ಒಟ್ಟಿಗೆ ಇಟ್ಟದ್ದು ಕೆತ್ತಲು ಬಾರದೆ ಅಂತ ಹೇಳಲು ಆಗುವುದಿಲ್ಲ. ಒಂದನ್ನು ಕೆತ್ತಿದ ಕೈಗೆ ಉಳಿದ ಮೂರೂ ಸಾಧ್ಯವಿತ್ತು. ಮಲ್ಲೋಜ ಮಾಣಿಯೋಜ ಎಲ್ಲಿ ಕೈ ಬಿಗಿಹಿಡಿಯಬೇಕು ಅಂತ ಬಲ್ಲವನಾಗಿದ್ದ, ಅಥವಾ ಹಣ ಕೊಟ್ಟವರು ಅಷ್ಟಕ್ಕೇ ಹೇಳಿದ್ದರು. ಎರಡರಲ್ಲಿ ಯಾವುದಾದರೂ ಅದು ಆಯ್ಕೆಯೇ.

ಗರ್ಭಗುಡಿಗಳ ದೇವರುಗಳನ್ನು ಗಮನಿಸಿದರೆ ಅರಮನೆಯ ಅಳತೆಗೋಲು ಇನ್ನೂ ಬೇಗ ಮುರಿಯುತ್ತದೆ. ಮುಖ್ಯ ದೇವತೆ ಲಕ್ಷ್ಮಿ. ವಿಷ್ಣುವಿನ ಮಗ್ಗುಲಲ್ಲಿ ಕೂತ ಲಕ್ಷ್ಮಿಯಲ್ಲ, ಗರ್ಭಗುಡಿಯ ಒಡತಿಯಾಗಿ ನಿಂತ ಲಕ್ಷ್ಮಿ. ಕೈಯಲ್ಲಿ ಶಂಖ, ಚಕ್ರ, ಗದೆ, ಜಪಮಾಲೆ. ಇನ್ನೊಂದರಲ್ಲಿ ಕಾಳಿ, ಮತ್ತೊಂದರಲ್ಲಿ ಶಿವ. ನಾಲ್ಕನೆಯದರ ಮೂಲಮೂರ್ತಿ ಯಾವುದು ಅನ್ನುವುದರಲ್ಲಿ ಬರೆದವರಲ್ಲಿ ಒಮ್ಮತವಿಲ್ಲ. ಕಾಳಿಯ ಗುಡಿಯ ಮುಂದೆ ಎಲುಬು ಕಾಣುವ ಎರಡು ಬೇತಾಳಗಳು ಆಚೀಚೆ ನಿಂತಿವೆ. ಮೊದಲ ಸಲ ಅರೆಗತ್ತಲೆಯಲ್ಲಿ ನೋಡಿದವರು ಒಂದು ಹೆಜ್ಜೆ ಹಿಂದಿಟ್ಟೇ ಇಡುತ್ತಾರೆ. ಸಿರಿಯ ದೇವತೆ ಮತ್ತು ಮಸಣದ ದೇವತೆ ಒಂದೇ ಸೂರಿನಡಿ.

ಕೊಲ್ಲಾಪುರದ ಹೆಸರನ್ನು ಇಲ್ಲಿಗೆ ತಂದದ್ದನ್ನು ನೋಡಿ ಕೆಲವರು ಇದನ್ನು ಕೊಲ್ಲಾಪುರದ ಮಹಾಲಕ್ಷ್ಮಿಯ ನಕಲು ಅನ್ನುತ್ತಾರೆ. ಮೂರ್ತಿಶಿಲ್ಪ ಅದನ್ನು ಒಪ್ಪುವುದಿಲ್ಲ. ಕೊಲ್ಲಾಪುರದ ದೇವಿಯ ಕೈಯಲ್ಲಿರುವುದು ಮಾದಲಹಣ್ಣು, ಗದೆ, ಗುರಾಣಿ, ಪಾನಪಾತ್ರೆ. ಇಲ್ಲಿ ಗದೆಯೊಂದು ಬಿಟ್ಟರೆ ಯಾವುದೂ ಹೊಂದುವುದಿಲ್ಲ. ಹೆಸರು ತಂದರು, ರೂಪ ತರಲಿಲ್ಲ. 'ಅಭಿನವ' ಎಂಬ ಪದವನ್ನು ನಕಲು ಅಂತ ಅರ್ಥಮಾಡಿಕೊಂಡದ್ದು ನಮ್ಮ ತಪ್ಪು; ಹೊಸತು ಅನ್ನುವುದೇ ಅದರ ಅರ್ಥ. ಇನ್ನು ಕುಲ್ಲಹಣ ಅನ್ನುವ ಹೆಸರು. ಕಲ್ಹಣ, ಬಿಲ್ಹಣ ನೆನಪಾಗುತ್ತಾರೆ. ಕಾಶ್ಮೀರದ ಬಿಲ್ಹಣ ಇದೇ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದವನು. ಹಾಗಂತ ಕುಲ್ಲಹಣನನ್ನು ಉತ್ತರದಿಂದ ಬಂದ ಕುದುರೆ ವ್ಯಾಪಾರಿ ಅಂತ ಬರೆದುಬಿಡುವುದು ಸುಲಭ, 'ರಾಹುತ' ಎಂಬ ಮಾತೂ ಆ ಕಡೆಗೇ ಎಳೆಯುತ್ತದೆ. ನಾನು ಎಳೆಸಿಕೊಳ್ಳುವುದಿಲ್ಲ. ಹೆಸರಿನ ಧ್ವನಿ ವಂಶಾವಳಿಯಾಗುವುದಿಲ್ಲ. ಅರಸನಿಗೆ ಸಲ್ಲದ್ದನ್ನು ಕೊಟ್ಟ ತಪ್ಪನ್ನು ತಿದ್ದಲು ಹೋಗಿ ವ್ಯಾಪಾರಿಗೆ ಇಲ್ಲದ ಕಥೆ ಕಟ್ಟಿದರೆ ಲಾಭವೇನು?

ಮಾಡಿದವರ ವಿಷಯಕ್ಕೆ ಬಂದರೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಷ್ಟು ಉದಾರವಾದ ಗುಡಿ ಸುತ್ತಮುತ್ತ ಇಲ್ಲ. ದಂಡನಾಯಕ ಬೊಮ್ಮಣ್ಣ ಸೋಮೇಶ್ವರನ ಕಾಲದಲ್ಲಿ, 1246ರ ಹೊತ್ತಿಗೆ ಇಲ್ಲಿ ಲಕ್ಷ್ಮೀನರಸಿಂಹನ ಗುಡಿ ಮಾಡಿಸಿದ. ಹೊರಗೋಡೆಯ ಮೂರ್ತಿಗಳ ಪೀಠದಲ್ಲಿ ರೂವಾರಿಗಳ ಹೆಸರುಗಳಿವೆ: ಬೈಚೋಜ, ಮಲ್ಲಿತಮ್ಮ. ಗುಡಿಯ ಒಂದು ಬದಿಯಲ್ಲಿ ಒಬ್ಬ, ಇನ್ನೊಂದು ಬದಿಯಲ್ಲಿ ಇನ್ನೊಬ್ಬ. ಇಬ್ಬರ ಕೈಯನ್ನು ಅಕ್ಕಪಕ್ಕ ಹೋಲಿಸಿ ನೋಡುವ ಇಂಥ ಅವಕಾಶ ಬೇರೆ ಕಡೆ ಕಷ್ಟ. 1990ರಲ್ಲಿ ಬಂದ ಕೆಲ್ಲೆಸನ್ ಕೊಲಿಯರ್ ಅವರ ಪುಸ್ತಕ ಈ ರೂವಾರಿಗಳ ಗುರುತು ಮತ್ತು ಶೈಲಿಯನ್ನೇ ವಿಷಯ ಮಾಡಿಕೊಂಡದ್ದು ದೊಡ್ಡ ಹೆಜ್ಜೆ.

ಆದರೆ ಇಲ್ಲೂ ದೊಡ್ಡ ಹೆಸರಿನ ಮೋಹ ಹಿಂಬಾಗಿಲಿಂದ ನುಗ್ಗಿದೆ. ಅಮೃತಾಪುರದಲ್ಲಿ 1196ರಲ್ಲಿ ಮಲ್ಲಿತಮ್ಮನ ಹೆಸರಿದೆ, ಸೋಮನಾಥಪುರದಲ್ಲಿ 1268ರಲ್ಲಿ ಇದೆ. ನಡುವೆ 72 ವರ್ಷ. ಉಳಿ ಹಿಡಿಯುವಾಗ ಹದಿನೈದು ಅಂತಿಟ್ಟುಕೊಂಡರೂ ಸೋಮನಾಥಪುರದ ಹೊತ್ತಿಗೆ ಎಂಬತ್ತೇಳು. ಅಸಾಧ್ಯ ಅನ್ನಲಾರೆ. ಆದರೆ ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಾಡಿನಲ್ಲಿ, 'ಮಲ್ಲಿ', 'ಮ' ಅಂತ ಮೊಟಕಾಗಿಯೂ ರುಜು ಸಿಗುವಾಗ, ಇವೆಲ್ಲ ಒಬ್ಬನದೇ ಅಂತ ಹೇಳುವವರು ಪುರಾವೆ ಕೊಡಬೇಕಾದವರು. ಅಕ್ಷರದ ರೂಪ, ಉಳಿಯ ಗೀಟು, ಮೂರ್ತಿಯ ಒಡವೆಗಳ ವಿನ್ಯಾಸ ಇವನ್ನು ಗುಡಿಗುಡಿಗೂ ಹೋಲಿಸಿ ಇಬ್ಬರೋ ಮೂವರೋ ಅಂತ ಬಿಡಿಸುವ ಕೆಲಸ ಬಾಕಿ ಇದೆ. ಅರಸರ ಬದಲು ಒಬ್ಬ ಮಹಾಶಿಲ್ಪಿಯನ್ನು ಸಿಂಹಾಸನಕ್ಕೆ ಏರಿಸಿದರೆ ಓದಿನ ಕ್ರಮ ಬದಲಾದ ಹಾಗೆ ಆಗಲಿಲ್ಲ.

ಹಾಸನದ ದಕ್ಷಿಣಕ್ಕೆ, ಮೊಸಳೆಯಲ್ಲಿ ನಾಗೇಶ್ವರ ಮತ್ತು ಚೆನ್ನಕೇಶವರ ಅವಳಿ ಗುಡಿಗಳು ಅಕ್ಕಪಕ್ಕ ನಿಂತಿವೆ. ಒಂದೇ ಅಳತೆ, ಒಂದೇ ನಕ್ಷೆ. ಒಂದು ಶಿವನಿಗೆ, ಒಂದು ವಿಷ್ಣುವಿಗೆ. ಇವುಗಳ ಕಾಲವನ್ನು ಸುಮಾರು 1200 ಅಂತ ಹೇಳುವುದು ಶೈಲಿಯ ಮೇಲಿನಿಂದ. ಇಂಥ ಕಡೆ ವಿದ್ವಾಂಸರು 'ಸುಮಾರು' ಅಂತ ಹಾಕುತ್ತಾರೆ, ಕಟ್ಟಿಸಿದವರ ಹೆಸರಿನ ಜಾಗವನ್ನು ಖಾಲಿ ಬಿಡುತ್ತಾರೆ. ಅದೇ ಸರಿ. ಆ ಖಾಲಿ ಜಾಗ ಜನಪ್ರಿಯ ಬರಹದಲ್ಲಿ ಎಷ್ಟು ದಿನ ಖಾಲಿ ಉಳಿದೀತು ಅನ್ನುವುದು ಬೇರೆ ಮಾತು.

ಖಾಲಿ ಜಾಗ ತುಂಬಿಕೊಂಡದ್ದಕ್ಕೆ ಇದೇ ತಾಲ್ಲೂಕಿನಲ್ಲಿ ಇನ್ನೊಂದು ಉದಾಹರಣೆ, ಈ ಸಲ ಗುಡಿಯಲ್ಲ, ಚರ್ಚು. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಶೆಟ್ಟಿಹಳ್ಳಿಯ ರೋಸರಿ ಚರ್ಚು ಈಗ ಯಾರಿಗೂ ಪರಿಚಯ ಬೇಡ. ಚಾವಣಿ ಹೋಗಿದೆ, ಚೂಪುಕಮಾನುಗಳು ನಿಂತಿವೆ. ಆ ಕಮಾನುಗಳನ್ನು ನೋಡಿ 'ಮಧ್ಯಯುಗದ ಚರ್ಚು' ಅಂತ ಬರೆದವರೂ ಇದ್ದಾರೆ. ಗಾಥಿಕ್ ಶೈಲಿ ಯುರೋಪಿನ ಮಧ್ಯಯುಗದ್ದು ನಿಜ. ಶೆಟ್ಟಿಹಳ್ಳಿಯದು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಆ ಶೈಲಿಯನ್ನು ಮತ್ತೆ ಎತ್ತಿಕೊಂಡು ಮಾಡಿಸಿದ್ದು. ಕರ್ಕ್‌ಡೇಲಿನ ಓರ್ಮನಿಗೂ ಇದಕ್ಕೂ ಎಂಟು ಶತಮಾನದ ದೂರ.

ಅದಕ್ಕಿಂತ ಗಟ್ಟಿಯಾಗಿ ಅಂಟಿಕೊಂಡದ್ದು ಕಟ್ಟಿಸಿದವರ ಹೆಸರು. ಒಂದೇ ಪ್ಯಾರಾದಲ್ಲಿ ಎರಡು ಮಾತು ಬರುತ್ತವೆ: ಚರ್ಚು 1860ರ ದಶಕದ್ದು, ಕಟ್ಟಿಸಿದವರು ಅಬ್ಬೆ ದುಬ್ವಾ. ದುಬ್ವಾ 1792ರಲ್ಲಿ ಭಾರತಕ್ಕೆ ಬಂದವರು. ಶ್ರೀರಂಗಪಟ್ಟಣದ ಪತನದ ಮೇಲೆ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದರು, ಸಿಡುಬಿನ ದಾಕು ಹಾಕಿಸಿದರು, ಹಿಂದೂಗಳ ಆಚಾರವಿಚಾರದ ಮೇಲಿನ ಅವರ ಪುಸ್ತಕ ಜಗತ್ತಿಗೇ ಗೊತ್ತು. 1823ರಲ್ಲಿ ಭಾರತ ಬಿಟ್ಟು ಹೋದರು, 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಸತ್ತು ಹನ್ನೆರಡು ವರ್ಷದ ಮೇಲೆ ಚರ್ಚು ಕಟ್ಟಿಸುವುದು ಹೇಗೆ? ಹಾಸನ ಸೀಮೆಯ ಕ್ರೈಸ್ತ ರೈತರ ನಡುವೆ ಅವರು ದುಡಿದದ್ದು ನಿಜ. ಇಲ್ಲಿನ ಸಭೆಯ ಬೇರು ಅವರ ಕಾಲಕ್ಕೆ ಹೋಗಬಹುದು. ಸಭೆ ಬೇರೆ, ಕಟ್ಟಡ ಬೇರೆ. ಊರಿನ ಗುಡಿ ಹಳೆಯದು ಅಂದಾಗಲೂ ಇದೇ ಎರಡನ್ನು ನಾವು ಬೆರೆಸುವುದು. ಹೋಗಲಿ ಅಂದರೆ, ಸುಣ್ಣಕ್ಕೆ ಬೆಲ್ಲ ಮೊಟ್ಟೆ ಕಲಸಿದ್ದರು ಅನ್ನುವ ಮಾತು ಇಲ್ಲೂ ಬಂದಿದೆ. ಹಳೆಯ ಕಟ್ಟಡ ಅಂದ ಕೂಡಲೇ ಬೆಲ್ಲ ಮೊಟ್ಟೆ ತರುವವರು ಗಾರೆಯ ಒಂದು ಚೂರನ್ನು ಪ್ರಯೋಗಾಲಯಕ್ಕೆ ಕಳಿಸಿದ ವರದಿಯನ್ನೂ ತಂದರೆ ಚೆನ್ನಾಗಿತ್ತು.

ಚರ್ಚಿನ ವಿಷಯದಲ್ಲಿ ಕಾಗದದ ದಾಖಲೆಗಳಿಗೆ ಹೋಗಬೇಕು: ದೀಕ್ಷಾಸ್ನಾನ, ಮದುವೆ, ಮರಣಗಳ ಪುಸ್ತಕ, ಮಿಷನರಿಗಳು ತಮ್ಮ ಸಂಸ್ಥೆಗೆ ಬರೆದ ವಾರ್ಷಿಕ ವರದಿ. ಕಲ್ಲು ನೋಡಿ ಅಭ್ಯಾಸವಾದ ನಮ್ಮಂಥವರು ಅತ್ತ ತಲೆ ಹಾಕುವುದಿಲ್ಲ, ಚರ್ಚಿನ ಚರಿತ್ರೆಕಾರರು ಇತ್ತ ಬರುವುದಿಲ್ಲ. ಶೆಟ್ಟಿಹಳ್ಳಿಯ ಗೋಡೆ ವರ್ಷಾವರ್ಷ ನೀರಿನಲ್ಲಿ ಕರಗುತ್ತಿದೆ.

ದೊಡ್ಡಗದ್ದವಳ್ಳಿಯೂ ಪೂರ್ತಿ ಸುರಕ್ಷಿತವಲ್ಲ. 2020ರ ನವೆಂಬರಿನಲ್ಲಿ ಅಲ್ಲಿನ ಕಾಳಿಯ ವಿಗ್ರಹ ಒಡೆದ ಸ್ಥಿತಿಯಲ್ಲಿ ಕಂಡಾಗ ಎರಡು ದಿನ ಎಲ್ಲ ಪತ್ರಿಕೆಗಳಲ್ಲೂ ಊರಿನ ಹೆಸರು ಬಂತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ಪಟ್ಟಿ ಸೇರಿದವು. ಈ ಊರ ಗುಡಿಗಳು ಅದರಲ್ಲಿಲ್ಲ. ನೂರು ವರ್ಷದ ಹಿಂದೆ ನರಸಿಂಹಾಚಾರ್ಯರು ಸೋಮನಾಥಪುರ, ಬೇಲೂರುಗಳ ಮೇಲೆ ಪುಸ್ತಿಕೆ ಬರೆದು, ಮೂರನೆಯದಕ್ಕೆ ಆರಿಸಿಕೊಂಡದ್ದು ಹಳೇಬೀಡನ್ನಲ್ಲ, ದೊಡ್ಡಗದ್ದವಳ್ಳಿಯನ್ನು. ಅವರು ಶಾಸನವನ್ನು ಕೊನೆಯವರೆಗೂ ಓದಿದವರು. ಅಲ್ಲಿಗೆ ಮುಂದೆ ಯಾರಾದರೂ ಹೊಸ ಫಲಕ ಬರೆಯುವುದಾದರೆ ಮೊದಲ ಸಾಲಿಗೆ ಇಷ್ಟು ಸಾಕು: ಕುಲ್ಲಹಣ ರಾಹುತ ಮತ್ತು ಸಹಜಾದೇವಿ ಮಾಡಿಸಿದ್ದು, ಮಲ್ಲೋಜ ಮಾಣಿಯೋಜ ಮಾಡಿದ್ದು. ವಿಷ್ಣುವರ್ಧನನ ಹೆಸರು ಎರಡನೆಯ ಸಾಲಿನಲ್ಲಿ, ಇಸವಿಯ ಪಕ್ಕದಲ್ಲಿ ಬರಲಿ.